ರಾಕ್ ಕೇಳಲು ಹೋಗುವವರಿಗೊಂದು ಕಿವಿಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಈ ಹೊತ್ತಿಗೆ ರೇಡಿಯೋ ಹಾಕಿ ಕೂತವರಲ್ಲಿ ಕೆಲವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನಿಂದು ಮಾತಾಡುತ್ತಿದ್ದೇನೆ. ನಿಮಗೀಗ ನಲವತ್ತೈದೋ ಐವತ್ತೈದೋ ಆಗಿರಬಹುದು. ಮಾವನೋ ಅಣ್ಣನೋ ಗಲ್ಫಿನಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಪಾಶ್ಚಾತ್ಯ ರಾಕ್ ಸಂಗೀತದ ಕ್ಯಾಸೆಟ್ಟುಗಳನ್ನು ಟೇಪು ಸವೆಯುವಷ್ಟು ಕೇಳಿದವರು ನೀವು. ಆಗ ಆ ಬ್ಯಾಂಡುಗಳನ್ನು ಕಣ್ಣೆದುರು ನೋಡುವುದು ಕನಸಿನ ಮಾತಾಗಿತ್ತು. ಈಗ ಹಾಗಿಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅದರ ಗಾಯಕ ಮಿಕ್ ಜಾಗರ್‌ಗೆ 59 ವರ್ಷ. ಅದೇ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ ಬಂತು. 2025ರ ಮಾರ್ಚ್‌ನಲ್ಲಿ ಪಂಕ್ ಎಂಬ ಬಿರುಸಿನ ರಾಕ್ ನುಡಿಸುವ ಗ್ರೀನ್ ಡೇ, ಮೇ ತಿಂಗಳಲ್ಲಿ ಗನ್ಸ್ ಎನ್ ರೋಸಸ್ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನುಡಿಸಿದರು. ಕಣ್ಣೂರಿನಿಂದ ಬರುವ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ನೇತ್ರಾವತಿ ಹತ್ತಿದರೆ ಮುಂಬಯಿ. ಹೋಗಿ. ಖಂಡಿತ ಹೋಗಿ. ಆ ಕಲಾವಿದರು ಇನ್ನೆಷ್ಟು ವರ್ಷ ಊರೂರು ತಿರುಗುತ್ತಾರೋ ಯಾರಿಗೆ ಗೊತ್ತು?

ಆದರೆ ಕಿವಿಗೆ ಇಯರ್ ಪ್ಲಗ್, ಅಂದರೆ ಕಿವಿಯ ತೂತು ಮುಚ್ಚಿ ಶಬ್ದ ತಗ್ಗಿಸುವ ಪುಟ್ಟ ಬಿರಡೆ, ಹಾಕಿಕೊಂಡು ಹೋಗಿ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಮಾತಿನ ನಡುವೆ ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಸರಿಸಬೇಡಿ.

ನಮ್ಮ ಕಡೆಯವರಿಗೆ ದೊಡ್ಡ ಶಬ್ದ ಹೊಸತಲ್ಲ. ದೈವಗಳ ಕಳಿಯಾಟದ ಚೆಂಡೆ, ಜಾತ್ರೆಯ ಗರ್ನಾಲು, ರಾತ್ರಿಯಿಡೀ ಯಕ್ಷಗಾನ, ಇವೆಲ್ಲದರ ನಡುವೆಯೇ ಬೆಳೆದವರು ನಾವು. ಅದಕ್ಕೇ ಪ್ಲಗ್ ಎಂದೊಡನೆ, "ನಮಗೆ ಅದೆಲ್ಲ ಅಭ್ಯಾಸ ಉಂಟು, ನಮ್ಮ ಕಿವಿ ಗಟ್ಟಿ" ಎನ್ನುತ್ತಾರೆ. ಕಿವಿ ಗಟ್ಟಿಯಾಗುವುದು ಎಂಬುದೊಂದು ಇಲ್ಲವೇ ಇಲ್ಲ. ಹಿಂದೆ ಕಷ್ಟವಾಗುತ್ತಿದ್ದ ಶಬ್ದ ಈಗ ಸಲೀಸಾಗಿ ತಡೆದುಕೊಳ್ಳಲಾಗುತ್ತದೆ ಎಂದಾದರೆ ಕೇಳುವ ಶಕ್ತಿ ಅಷ್ಟರಮಟ್ಟಿಗೆ ಹೋಗಿರಬಹುದು, ಅಷ್ಟೇ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರೊಳಗೆ ಒಂದೊಂದು ಕಿವಿಗೆ ಶಬ್ದ ಹಿಡಿಯುವ ಸುಮಾರು 15 ಸಾವಿರ ರೋಮಕೋಶಗಳು. ಗಾಳಿಗೆ ಬಾಗಿದ ನೇಜಿ, ಅಂದರೆ ಭತ್ತದ ಸಸಿ, ಮತ್ತೆ ತಲೆ ಎತ್ತುವ ಹಾಗೆ ಸಾಧಾರಣ ಶಬ್ದಕ್ಕೆ ಅವು ಬಾಗಿ ಏಳುತ್ತವೆ. ಕೋಣ ತುಳಿದ ನೇಜಿ ಏಳುವುದಿಲ್ಲ. ಗದ್ದೆಯಲ್ಲಾದರೆ ಹೊಸ ನೇಜಿ ನೆಡಬಹುದು, ಕಿವಿಯಲ್ಲಿ ಅದಕ್ಕೂ ದಾರಿಯಿಲ್ಲ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಮೊದಲು ಪೆಟ್ಟು ಬೀಳುವುದು ಕೀರಲು ಸ್ವರ ಹಿಡಿಯುವ ಕೋಶಗಳಿಗೆ, 4000 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 4000 ಕಂಪನದ, ಆಸುಪಾಸಿನಲ್ಲಿ. ಮಾತಿನಲ್ಲಿ ಸ, ಶ, ತ, ಕ ಇವುಗಳ ಅಂಚು ಗೊತ್ತಾಗುವುದು ಆ ಭಾಗದಿಂದ. ಆಗ ಮೊಮ್ಮಗಳು ಮಾತಾಡಿದ್ದು ಕೇಳುತ್ತದೆ, ಏನು ಹೇಳಿದಳೆಂದು ತಿಳಿಯುವುದಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತಿಗೆ ಸುಮ್ಮನೆ ತಲೆಯಾಡಿಸುವ ಕಾಲ ಬರುತ್ತದೆ.

ಶಬ್ದದ ಜೋರನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಲೆಕ್ಕ ಬಹಳ ಸುಲಭ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ರಾಕ್ ಕಾನ್ಸರ್ಟಿನಲ್ಲಿ 100 ಡೆಸಿಬಲ್ ಅಪರೂಪವೇನಲ್ಲ, ಅದನ್ನು ದಾಟುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ಇಂಥ ಕಾರ್ಯಕ್ರಮಗಳ ಶಬ್ದ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬಲ್ ಮೀರಬಾರದು ಎಂದಿದೆ. ಆ ಮಿತಿಯನ್ನು ಪಾಲಿಸಿದರೂ ನೋಡಿ, ಕಾಲು ಗಂಟೆ ಎಂದರೆ ರಾಕ್ ಹಾಡು ಮೂರು ನಾಲ್ಕು, ಪಂಕ್ ಹಾಡಾದರೆ ಆರೇಳು. ನಿಮ್ಮ ಇಡೀ ದಿನದ ಪಾಲು ಅಲ್ಲಿಗೆ ಮುಗಿಯಿತು. ಕಾರ್ಯಕ್ರಮ ಎರಡು ಗಂಟೆ ನಡೆದರೆ ಎಂಟು ದಿನದ ಪಾಲು ಒಂದೇ ಸಂಜೆಗೆ. ಈಗ 15 ಡೆಸಿಬಲ್ ತಗ್ಗಿಸುವ ಪ್ಲಗ್ ಹಾಕಿದಿರಿ ಎನ್ನಿ. ನೂರರಲ್ಲಿ ಹದಿನೈದು ಕಳೆದರೆ ಎಂಬತ್ತೈದು. ಎಂಟು ಗಂಟೆ ನಿಂತು ಕೇಳಬಹುದು. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ. ಪ್ಲಗ್ ಹಾಕಿಕೊಳ್ಳಿ.

ಇಲ್ಲಿ ಒಬ್ಬ ಹೆಣ್ಣುಮಗಳ ಕತೆ ಹೇಳಲೇಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದ ಕಾಂಟ್ರಾಕ್ಷನ್ಸ್ ಎಂಬ ಪಂಕ್ ಬ್ಯಾಂಡ್ ಇತ್ತು, ಹೆಂಗಸರದ್ದೇ ತಂಡ. ಬೇಸ್ ಗಿಟಾರ್ ನುಡಿಸುತ್ತಿದ್ದವರು ಕ್ಯಾಥಿ ಪೆಕ್. ಪಂಕ್ ಎಂದರೆ ಹೆಚ್ಚಾಗಿ ಸಣ್ಣ ಸಭಾಂಗಣ, ತಗ್ಗಿನ ಮಾಡು, ತಲೆಯ ಎತ್ತರಕ್ಕೇ ಇಟ್ಟ ಸ್ಪೀಕರು. ಅಂಥ ಕಡೆಗಳಲ್ಲಿ ನುಡಿಸುತ್ತಿದ್ದ ತಂಡಕ್ಕೆ 1984ರಲ್ಲಿ ದೊಡ್ಡ ಅವಕಾಶ ಸಿಕ್ಕಿತು. ಓಕ್ಲೆಂಡ್‌ನಲ್ಲಿ ಡ್ಯೂರಾನ್ ಡ್ಯೂರಾನ್ ಎಂಬ ಆಗಿನ ಬಹು ಜನಪ್ರಿಯ ತಂಡದ ಕಾರ್ಯಕ್ರಮಕ್ಕೆ ಮುಂಚೆ ಇವರ ಕಾರ್ಯಕ್ರಮ. ನುಡಿಸಿ ಬಂದ ಮೇಲೆ ಕ್ಯಾಥಿಯ ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ ಹಿಡಿಯಿತು. ಅದು ಬಿಡಲಿಲ್ಲ. ಕೇಳುವ ಶಕ್ತಿಯ ದೊಡ್ಡ ಪಾಲು ಹೋಯಿತು, ಮುಂದೆ ಶ್ರವಣಯಂತ್ರ ಬೇಕಾಯಿತು. ಸಂಗೀತವೇ ಬದುಕಾದವರಿಗೆ ಇದು ಎಂಥ ಪೆಟ್ಟು ಎಂದು ಯೋಚಿಸಿ. ಆ ಕಾಲದಲ್ಲಿ ರಾಕ್‌ನವರಲ್ಲಿ ಕಿವಿಯ ಮಾತು ಎತ್ತುವುದೇ ನಾಚಿಕೆಯ ವಿಷಯವಾಗಿತ್ತು. ಕ್ಯಾಥಿ ನಾಚಲಿಲ್ಲ. 1988ರಲ್ಲಿ ಒಬ್ಬ ವೈದ್ಯರನ್ನು ಜತೆಗೂಡಿಸಿಕೊಂಡು ಹಿಯರ್ ಎಂಬ ಸಂಸ್ಥೆ ಕಟ್ಟಿದರು. ರಾಕ್ ಕಲಾವಿದರಿಗೂ ಕೇಳುಗರಿಗೂ ಕಿವಿ ಉಳಿಸಿಕೊಳ್ಳುವುದನ್ನು ಕಲಿಸುವುದು, ಪ್ಲಗ್ ಹಾಕಿಸುವುದು, ಇದೇ ಅದರ ಕೆಲಸ.

ಆ ಸಂಸ್ಥೆಗೆ ಮೊದಮೊದಲು 10,000 ಡಾಲರ್ ಕೊಟ್ಟವರು ಯಾರೆಂದು ಕೇಳಿ. ದ ಹೂ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್! ಈ ದ ಹೂ ತಂಡ 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್‌ನಲ್ಲಿ ನುಡಿಸಿದಾಗ ಸ್ಪೀಕರಿನಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಅಳೆದು, ಜಗತ್ತಿನಲ್ಲೇ ಅತಿ ಜೋರಿನ ಕಾನ್ಸರ್ಟ್ ಎಂದು ಗಿನ್ನೆಸ್ ದಾಖಲೆಗೆ ಸೇರಿಸಿದ್ದರು. ಈಗ ಗಿನ್ನೆಸ್‌ನವರು ಆ ದಾಖಲೆಯನ್ನೇ ಕೈಬಿಟ್ಟಿದ್ದಾರೆ. ಪೈಪೋಟಿಗೆ ಬಿದ್ದು ಜನರ ಕಿವಿ ಹಾಳುಮಾಡಬಾರದೆಂದು. ಟೌನ್‌ಶೆಂಡ್‌ರ ಕಿವಿಗೆ 1967ರಲ್ಲೇ ಒಂದು ಪೆಟ್ಟು ಬಿದ್ದಿತ್ತು. ಟಿವಿ ಕಾರ್ಯಕ್ರಮವೊಂದರ ಕೊನೆಯಲ್ಲಿ ಡ್ರಮ್ಮರ್ ಕೀತ್ ಮೂನ್ ದೊಡ್ಡ ಡ್ರಮ್ಮಿನೊಳಗೆ ಮದ್ದು ತುಂಬಿ ಸಿಡಿಸಿದಾಗ ಟೌನ್‌ಶೆಂಡ್ ಪಕ್ಕದಲ್ಲೇ ಇದ್ದರು. ಅದರ ಮೇಲೆ ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಹೆಡ್‌ಫೋನ್. 1989ರಲ್ಲಿ ತಂಡ ಮತ್ತೆ ಪ್ರವಾಸ ಹೊರಟಾಗ ಅವರು ಹೆಚ್ಚಿನ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಬಿಟ್ಟು ಸಾದಾ ಗಿಟಾರ್ ಹಿಡಿಯಬೇಕಾಯಿತು. ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯನ್ ಜಾನ್ಸನ್‌ಗೂ 2016ರಲ್ಲಿ ವೈದ್ಯರು, ಪ್ರವಾಸದ ಕಾರ್ಯಕ್ರಮ ನಿಲ್ಲಿಸದಿದ್ದರೆ ಪೂರ್ತಿ ಕಿವುಡಾಗುತ್ತೀರಿ ಎಂದು ಎಚ್ಚರಿಸಿ ಅರ್ಧ ಪ್ರವಾಸದಲ್ಲೇ ನಿಲ್ಲಿಸಿದರು. ಕಿವಿಯೊಳಗೆ ಇಡುವ ಹೊಸ ಬಗೆಯ ಸಾಧನದ ಸಹಾಯದಿಂದ ಅವರು 2023ರಲ್ಲಿ ತಮ್ಮ ಬ್ಯಾಂಡಿನೊಂದಿಗೆ ವೇದಿಕೆಗೆ ಮರಳಿದರು.

ಈಗಿನ ಹಿರಿಯ ಕಲಾವಿದರನ್ನು ದೊಡ್ಡ ಪರದೆಯಲ್ಲಿ ತೋರಿಸುವಾಗ ಗಮನವಿಟ್ಟು ನೋಡಿ. ಹಲವರ ಕಿವಿಯೊಳಗೆ ಅಚ್ಚು ತೆಗೆದು ಕೂರಿಸಿದ ಇನ್-ಇಯರ್ ಮಾನಿಟರ್ ಇರುತ್ತದೆ. ಹೊರಗಿನ ಅಬ್ಬರ ತಡೆಯುತ್ತದೆ, ಬೇಕಾದಷ್ಟು ಹಾಡನ್ನು ಮಾತ್ರ ಒಳಗೆ ಕೇಳಿಸುತ್ತದೆ. ಮೇಲೆ ಹಾಡುವ ಅಜ್ಜನ ಕಿವಿಗೆ ರಕ್ಷಣೆ ಉಂಟು, ಕೆಳಗೆ ದುಡ್ಡು ಕೊಟ್ಟು ನಿಂತ ನಿಮ್ಮ ಕಿವಿ ಬರಿದು. ಇದು ಯಾವ ನ್ಯಾಯ?

ಸರಿ, ಕತೆಗೇ ಬಹಳ ಸಮಯ ಹೋಯಿತು. ಪ್ಲಗ್ಗಿನ ವಿಷಯಕ್ಕೆ ಬರೋಣ.

ಹತ್ತಿ ಬೇಡ. ಹತ್ತಿ ತುರುಕಿದರೆ ಐದಾರು ಡೆಸಿಬಲ್ ತಗ್ಗಿದರೆ ಹೆಚ್ಚು. ಟಿಶ್ಯೂ ಕಾಗದವೂ ಬೇಡ. ಮೆಡಿಕಲ್ ಶಾಪಿನಲ್ಲಿ ಮೆತ್ತನೆಯ ಫೋಮ್ ಪ್ಲಗ್ ಸಿಗುತ್ತದೆ, ಒಂದು ಜೋಡಿಗೆ ಒಂದು ಚಹಾ-ತಿಂಡಿಯ ಖರ್ಚು. ಪೊಟ್ಟಣದ ಮೇಲೆ ಎನ್‌ಆರ್‌ಆರ್ 29, 33 ಎಂದೆಲ್ಲ ಬರೆದಿರುತ್ತಾರೆ. ಎಷ್ಟು ಡೆಸಿಬಲ್ ತಗ್ಗುತ್ತದೆ ಎಂಬುದಕ್ಕೆ ಅದು ಪ್ರಯೋಗಾಲಯದ ಅಂಕಿ. ನಿಮ್ಮ ಕಿವಿಯಲ್ಲಿ ಅದರ ಅರ್ಧ ಸಿಕ್ಕಿತು ಎಂದು ಲೆಕ್ಕ ಹಿಡಿಯಿರಿ. ಆ ಅರ್ಧ ಸಿಗಬೇಕಾದರೂ ಸರಿಯಾಗಿ ಹಾಕಬೇಕು. ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಸುಕ್ಕಿಲ್ಲದೆ, ಆದಷ್ಟು ಸಪೂರ ಮಾಡಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ಸೊಟ್ಟಗಿದೆ, ಹೀಗೆ ಎಳೆದರೆ ನೆಟ್ಟಗಾಗುತ್ತದೆ. ಎಳೆದು ಹಿಡಿದಂತೆಯೇ ಬಲಗೈಯಿಂದ ಪ್ಲಗ್ ಒಳಗೆ ದೂಡಿ ಬೆರಳ ತುದಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಫೋಮ್ ಮೆಲ್ಲಗೆ ಅರಳಿ ದಾರಿಯನ್ನು ತುಂಬುತ್ತದೆ. ಕೈ ಬೇಗ ಬಿಟ್ಟರೆ ಅದು ಅರಳುವಾಗ ಹೊರಕ್ಕೆ ಜಾರಿ ಕಿವಿಯ ಬಾಯಲ್ಲೇ ಕೂರುತ್ತದೆ. ಹೆಚ್ಚಿನವರು ಕೆಡಿಸುವುದು ಇಲ್ಲೇ. ಕನ್ನಡಿಯಲ್ಲಿ ನೇರ ನೋಡಿದಾಗ ಪ್ಲಗ್ಗಿನ ತುದಿ ಹೊರಗೆ ಚಾಚಿಕೊಂಡು ಕಂಡರೆ ತೆಗೆದು ಮತ್ತೆ ಹಾಕಿ. ಹಾಕಿದ ಮೇಲೆ ಎರಡು ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಮುಚ್ಚಿದಾಗ ಶಬ್ದ ಇನ್ನೂ ಬಹಳ ಇಳಿಯಿತು ಎಂದಾದರೆ ಪ್ಲಗ್ ಸರಿ ಕೂತಿಲ್ಲ. ಮನೆಯಲ್ಲೇ ನಾಲ್ಕು ಸಲ ಹಾಕಿ ಅಭ್ಯಾಸ ಮಾಡಿ, ಮೈದಾನದ ಗೇಟಿನ ಮುಂದೆ ಅಲ್ಲ.

"ಪ್ಲಗ್ ಹಾಕಿದರೆ ಹಾಡು ಮೊಂಡಾಗಿ ಕೇಳುತ್ತದೆ" ಎನ್ನುವವರ ಮಾತು ಫೋಮಿನ ಮಟ್ಟಿಗೆ ನಿಜ. ಫೋಮ್ ಕೀರಲು ಸ್ವರವನ್ನು ಹೆಚ್ಚು ತಡೆಯುತ್ತದೆ. ಅದಕ್ಕೆಂದೇ ಸಂಗೀತಗಾರರ ಪ್ಲಗ್ ಎಂದು ಬರುತ್ತದೆ. ಸಿಲಿಕಾನಿನದು, ನಡುವೆ ಪುಟ್ಟ ಫಿಲ್ಟರ್. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ, ತೊಳೆದು ವರ್ಷಗಟ್ಟಲೆ ಬಳಸಬಹುದು. ಟಿಕೆಟಿಗೆ ಸಾವಿರಗಟ್ಟಲೆ ಸುರಿಯುವವರು ಇದಕ್ಕೆ ಚೌಕಾಸಿ ಮಾಡಬೇಡಿ.

ಒಮ್ಮೆ ಹಾಕಿದ ಮೇಲೆ ತೆಗೆಯಬೇಡಿ. "ಇದು ನನ್ನ ಇಷ್ಟದ ಹಾಡು, ಇದೊಂದಕ್ಕೆ ತೆಗೆಯುತ್ತೇನೆ" ಎಂಬುದೇ ಎಲ್ಲ ಕೆಡಿಸುವುದು. 30 ಡೆಸಿಬಲ್ ತಡೆಯುವ ಪ್ಲಗ್ಗನ್ನು ಮೂರು ಗಂಟೆಯಲ್ಲಿ ಬರೇ 18 ನಿಮಿಷ ತೆಗೆದಿಟ್ಟರೆ ಒಟ್ಟಿನಲ್ಲಿ ಸಿಗುವ ರಕ್ಷಣೆ 10 ಡೆಸಿಬಲ್ ಮೀರುವುದಿಲ್ಲ. ಜತೆಯವರಿಗೆ ಏನಾದರೂ ಹೇಳಬೇಕಿದ್ದರೆ ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿ. ತೀರ ಬೇಕೆಂದರೆ ಸ್ಪೀಕರುಗಳಿಂದ ದೂರ ಹೋಗಿ ತೆಗೆಯಿರಿ.

ಎಲ್ಲಿ ನಿಲ್ಲಬೇಕು? ಮೈದಾನದ ನಡುವೆ, ವೇದಿಕೆಗೆ ಎದುರಾಗಿ ಸೌಂಡ್ ಎಂಜಿನಿಯರ್ ಕೂತಿರುವ ಡೇರೆ ಇರುತ್ತದೆ. ಅದರ ಹಿಂದೆ ನಿಲ್ಲಿ. ಅವರು ಅಲ್ಲಿ ಕೇಳಿಯೇ ಸ್ವರ ಹೊಂದಿಸುವುದು, ಹಾಡು ಅತಿ ಚೆನ್ನಾಗಿ ಕೇಳುವುದೂ ಅಲ್ಲೇ. ವೇದಿಕೆಯ ಬುಡದಲ್ಲಿ ಸಾಲಾಗಿ ಇಟ್ಟ ಬೇಸ್ ಸ್ಪೀಕರುಗಳ ಎದುರು ನಿಲ್ಲಲೇಬೇಡಿ. ಆದರೆ ಹಿಂದೆ ನಿಂತೆವು, ಇನ್ನು ಪ್ಲಗ್ ಬೇಡ ಎನ್ನಬೇಡಿ. ಈಗ ಮೇಲೆ ತೂಗುಹಾಕುವ ಸ್ಪೀಕರ್ ಸಾಲುಗಳನ್ನು ಮಾಡಿರುವುದೇ ದೂರದವರೆಗೂ ಶಬ್ದ ಇಳಿಯದಂತೆ. ಒಂದು ಕೈಯಳತೆಯಲ್ಲಿ ನಿಂತವರಿಗೆ ಬೊಬ್ಬೆ ಹೊಡೆದು ಹೇಳಬೇಕಾದರೆ ಅಲ್ಲಿ 85 ದಾಟಿದೆ ಎಂದೇ ಅರ್ಥ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಿವಿಯಲ್ಲಿ ಗುಗ್ಗೆ, ಅಂದರೆ ಕಿವಿಯ ಮೇಣ, ಕಟ್ಟಿದ್ದರೆ ವಾರ ಮೊದಲೇ ವೈದ್ಯರ ಹತ್ತಿರ ತೆಗೆಸಿ. ಇಲ್ಲದಿದ್ದರೆ ಪ್ಲಗ್ ಅದನ್ನು ಇನ್ನೂ ಒಳಗೆ ದೂಡುತ್ತದೆ. ಇನ್ನೊಂದು ಜೋಡಿ ಕಿಸೆಯಲ್ಲಿರಲಿ, ಪಂಕ್ ಗುಂಪಿನ ನೂಕಾಟದಲ್ಲಿ ಬಿದ್ದರೆ ಹುಡುಕಿ ಸಿಗುವುದಿಲ್ಲ. ದಾರ ಇರುವ ಪ್ಲಗ್ ಅಲ್ಲಿಗೆ ಬೇಡ, ಯಾರದೋ ಕೈಗೆ ಸಿಕ್ಕಿ ಕಿತ್ತು ಬರುತ್ತದೆ. ಸಣ್ಣ ಮಕ್ಕಳಿಗೆ ಪ್ಲಗ್ ಅಲ್ಲ, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ಹಾಕಿಸಿ. ಶ್ರವಣಯಂತ್ರ ಇರುವವರು ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು ಪ್ಲಗ್ ಹಾಕಿ. ಪ್ಲಗ್ ತೆಗೆಯುವಾಗ ಮೆಲ್ಲಗೆ ತಿರುಚುತ್ತಾ ತೆಗೆಯಿರಿ, ಥಟ್ಟನೆ ಎಳೆಯಬೇಡಿ. ಮರಳುವಾಗ ರೈಲಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಹಾಡುಗಳನ್ನು ಮತ್ತೆ ಕೇಳುತ್ತಾ ಬರಬೇಡಿ. ಒಂದು ದಿನ ಕಿವಿಗೆ ಬಿಡುವು ಕೊಡಿ.

ಕಾರ್ಯಕ್ರಮ ಮುಗಿದ ಮೇಲೆ ಕಿವಿ ಮುಚ್ಚಿದ ಹಾಗೆ, ಗುಂಯ್ ಎನ್ನುವ ಹಾಗೆ ಆದರೆ ಅದು ಪೆಟ್ಟು ಬಿದ್ದ ಗುರುತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಬೆಳಿಗ್ಗೆ ಏಳುವಾಗ ಒಂದು ಕಿವಿ ಪೂರ್ತಿ ಕೇಳದಂತಾಗಿದ್ದರೆ, ಎಣ್ಣೆ ಬಿಸಿ ಮಾಡಿ ಬಿಡುತ್ತಾ ಕೂರಬೇಡಿ. ಕಾಸರಗೋಡಿಗೋ ಮಂಗಳೂರಿಗೋ, ಯಾವುದು ಹತ್ತಿರವೋ ಅಲ್ಲಿಯ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋಗಿ. ಒಂದು ಕಿವಿ ಥಟ್ಟನೆ ಕೇಳದಾದರೆ ಅದೇ ದಿನ ಹೊರಡಿ, ಮೂರು ದಿನ ದಾಟಿಸಲೇಬೇಡಿ. ಆ ತೊಂದರೆಗೆ ಕೊಡುವ ಸ್ಟಿರಾಯ್ಡ್ ಔಷಧಿ ಬೇಗ ಶುರುವಾದಷ್ಟೂ ಫಲ ಹೆಚ್ಚು.

ನಮಸ್ಕಾರ.