ಬಿಡುಗಡೆಯಾದವರು ಕೇಳಿದ್ದೇನು?

ಮಾನ್ಯರೆ,

1865ರ ಜನವರಿ 12ರ ಸಂಜೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಂಡೆದ್ದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ ನಡುವಿನ ಅಮೆರಿಕದ ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಜಾರ್ಜಿಯಾದ ಸವಾನ್ನಾ ನಗರದಲ್ಲಿ ಉತ್ತರದ ಸೇನೆಯ ಜನರಲ್ ಷರ್ಮನ್ ಮತ್ತು ಯುದ್ಧ ಸಚಿವ ಸ್ಟ್ಯಾಂಟನ್ ಇಪ್ಪತ್ತು ಮಂದಿ ಕಪ್ಪು ಧರ್ಮಬೋಧಕರನ್ನೂ ಚರ್ಚಿನ ಹಿರಿಯರನ್ನೂ ಮಾತುಕತೆಗೆ ಕರೆಸಿಕೊಂಡರು. ಎಲ್ಲರ ಪರವಾಗಿ ಮಾತನಾಡಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಇವರು ಎಂಟು ವರ್ಷಗಳ ಹಿಂದೆ ಸಾವಿರ ಡಾಲರ್ ತೆತ್ತು ತಮ್ಮನ್ನೂ ಹೆಂಡತಿಯನ್ನೂ ಗುಲಾಮಗಿರಿಯಿಂದ ತಾವೇ ಬಿಡಿಸಿಕೊಂಡಿದ್ದವರು. ಗುಲಾಮಗಿರಿಯೆಂದರೆ ಒಬ್ಬನ ಒಪ್ಪಿಗೆಯಿಲ್ಲದೆ ಅವನ ದುಡಿಮೆಯನ್ನು ಬಲವಂತವಾಗಿ ಕಿತ್ತುಕೊಳ್ಳುವುದು, ಸ್ವಾತಂತ್ರ್ಯವೆಂದರೆ ನಮ್ಮ ದುಡಿಮೆಯ ಫಲವನ್ನು ನಾವೇ ಉಣ್ಣುವಂತಾಗುವುದು, ಅದಕ್ಕೆ ನಮಗೆ ಬೇಕಾದದ್ದು ಭೂಮಿ ಎಂದು ಅವರು ಹೇಳಿದರು. ಬಿಳಿಯರ ನಡುವೆ ಬಾಳುವಿರೋ, ಬೇರೆಯಾಗಿಯೋ ಎಂಬ ಪ್ರಶ್ನೆಗೆ, ದಕ್ಷಿಣದವರ ಪೂರ್ವಗ್ರಹ ಅಳಿಯಲು ವರ್ಷಗಳೇ ಬೇಕು, ಆದ್ದರಿಂದ ಬೇರೆಯಾಗಿಯೇ ಎಂದರು. ಇದಕ್ಕೆ ಒಪ್ಪದವರು ಒಬ್ಬರೇ, ಉತ್ತರದಿಂದ ಬಂದಿದ್ದ ಜೇಮ್ಸ್ ಲಿಂಚ್. ಆ ಭಿನ್ನಮತವೂ ದಾಖಲಾಗಿ ಉಳಿದಿದೆ ಎಂಬುದು ನನಗೆ ಸಮಾಧಾನದ ಸಂಗತಿ.

ನಾಲ್ಕೇ ದಿನಗಳಲ್ಲಿ ಷರ್ಮನ್ ಆದೇಶ ಹೊರಟಿತು. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಫ್ಲೋರಿಡಾದವರೆಗಿನ ಕರಾವಳಿ ಮತ್ತು ದ್ವೀಪಗಳಲ್ಲಿ ಬಿಡುಗಡೆಯಾದ ಗುಲಾಮರ ಕುಟುಂಬವೊಂದಕ್ಕೆ 40 ಎಕರೆಯವರೆಗೆ ಭೂಮಿ ಕೊಡಬೇಕೆಂದು ಅದರಲ್ಲಿತ್ತು. ಸುಮಾರು 40,000 ಜನ ಅಲ್ಲಿ ನೆಲೆಸಿ ಉತ್ತು ಬಿತ್ತಿದರು. ಆದರೆ ಲಿಂಕನ್ನರ ಹತ್ಯೆಯ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್, ಬಂಡೆದ್ದಿದ್ದ ಜಮೀನುದಾರರಿಗೆ ಕ್ಷಮೆಯ ಜೊತೆಗೆ ಅವರ ಭೂಮಿಯನ್ನೂ ಹಿಂದಿರುಗಿಸಿದರು. ಈ ಸುದ್ದಿಯನ್ನು ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪದ ಜನರಿಗೆ ತಿಳಿಸುವ ಹೊರೆ, ಬಿಡುಗಡೆಯಾದವರ ಹಿತ ಕಾಯಬೇಕಾಗಿದ್ದ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೋವರ್ಡ್ ಅವರ ಮೇಲೆಯೇ ಬಿತ್ತು. ಅಕ್ಟೋಬರಿನಲ್ಲಿ ಚರ್ಚಿನಲ್ಲಿ ನೆರೆದವರ ಮುಂದೆ ನಿಂತು, ಹಳೆಯ ಒಡೆಯರನ್ನು ಕ್ಷಮಿಸಿ ಎಂದು ಅವರು ಬೇಡಿಕೊಂಡರು. ದ್ವೀಪದ ಸಮಿತಿ ಅವರಿಗೆ ಲಿಖಿತ ಉತ್ತರ ಕೊಟ್ಟಿತು: ಯುದ್ಧದಲ್ಲಿ ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು, ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿಯನ್ನೂ ತಂಗಿಯನ್ನೂ ಹೊಡೆದವನನ್ನು ನಾನು ಕ್ಷಮಿಸುವುದು ಹೇಗೆ? ಅಷ್ಟು ನೇರವಾದ, ಅಷ್ಟು ಗೌರವದ ಮನವಿಯನ್ನು ನಾನು ಹೆಚ್ಚು ಓದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ದೇಶದಾದ್ಯಂತ ಕಾನೂನಿನಿಂದ ಅಳಿಯಿತು. ಆ ವೇಳೆಗಾಗಲೇ ಮಿಸಿಸಿಪಿ ರಾಜ್ಯ, ಕಪ್ಪು ಜನರು ಪಟ್ಟಣಗಳ ಹೊರಗೆ ಜಮೀನು ಗುತ್ತಿಗೆ ಹಿಡಿಯುವುದನ್ನು ನಿಷೇಧಿಸಿತ್ತು; ಪ್ರತಿ ವರ್ಷ ಜನವರಿಯಲ್ಲಿ ಉದ್ಯೋಗದ ಪುರಾವೆಯನ್ನು ತೋರಿಸದವರನ್ನು ಅಲೆಮಾರಿಗಳೆಂದು ಹಿಡಿದು, ದಂಡ ಕಟ್ಟಲಾರದಿದ್ದರೆ ಕೂಲಿಗೆ ಹಚ್ಚುವ ಏರ್ಪಾಡನ್ನೂ ಮಾಡಿತ್ತು.

ಭೂಮಿ ಕೈತಪ್ಪಿದರೂ ಜನ ತಮ್ಮ ಹಟವನ್ನು ಬಿಡಲಿಲ್ಲ. ಮಾರಾಟವಾಗಿ ಹೋಗಿದ್ದ ಮಕ್ಕಳನ್ನು, ಗಂಡ–ಹೆಂಡಿರನ್ನು ಹುಡುಕಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು, ಮದುವೆಗಳನ್ನು ನೋಂದಾಯಿಸಿದರು, ಮುದುಕರೂ ಶಾಲೆಗೆ ಬಂದರು. ಹೊಲದಲ್ಲಂತೂ, ಮೇಲ್ವಿಚಾರಕನ ಕಣ್ಗಾವಲಿನಲ್ಲಿ ಗುಂಪುಗುಂಪಾಗಿ ಹತ್ತಿ ಬಿಡಿಸುವ ಹಳೆಯ ಕ್ರಮಕ್ಕೆ ಮರಳಲು ಒಪ್ಪಲಿಲ್ಲ. ಮುಂದೆ ಬೇರೂರಿದ ಕೋರು ಬೇಸಾಯವನ್ನು ನಾವು ಕೇವಲ ಶೋಷಣೆಯ ಇನ್ನೊಂದು ಹೆಸರಾಗಿ ನೋಡುತ್ತೇವೆ. ಅರ್ಧ ಬೆಳೆ ಒಡೆಯನಿಗೆ ಹೋಗಿ, ಉಳಿದರ್ಧ ಅಂಗಡಿಯ ಸಾಲದ ಬಡ್ಡಿಗೆ ಕರಗಿಹೋಗುತ್ತಿತ್ತೆಂಬುದು ನಿಜವೇ. ಆದರೂ ಆ ಪದ್ಧತಿ ಹುಟ್ಟಿದ್ದು ಒಂದು ರಾಜಿಯಿಂದ: ಒಡೆಯನಿಗೆ ಗುಂಪು ಕೂಲಿ ಬೇಕಿತ್ತು, ಇವರಿಗೆ ತಮ್ಮದೇ ಭೂಮಿ ಬೇಕಿತ್ತು, ಎರಡೂ ಸಿಗದಿದ್ದಾಗ, ಒಂದು ಕುಟುಂಬ ಒಂದು ತುಂಡು ಹೊಲವನ್ನು ತನ್ನ ಲೆಕ್ಕದಲ್ಲಿ ಉಳುವ ಏರ್ಪಾಡಿಗೆ ಇಬ್ಬರೂ ಒಪ್ಪಿಕೊಂಡರು.