ನಿಪ್ಪಾಣಿಯ ಹೆಂಗಸರು ಮಾತಾಡಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲು ಟಾಕೀಸಿಗೆ ಹೋದರೆ, ಸಿನಿಮಾಕ್ಕೂ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರ ನೋಡಲೇಬೇಕಿತ್ತು. ಹಿರಿಯರಿಗೆ ನೆನಪಿರಬೇಕು, ಅಲ್ವಾ? ಪರದೆ ಮೇಲೆ ನಾಟಿ ಮಾಡುವವರು ಹೆಂಗಸರಾದರೂ, ಅವರ ಬಗ್ಗೆ ಹೇಳುವುದು ಹೆಚ್ಚಾಗಿ ಗಂಡಸಿನ ಗಡಸು ದನಿ. ನಾವು ಸುಮ್ನೆ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದೆವು.

ಹೆಂಗಸರ ಮಾತನ್ನು ಹೆಂಗಸರ ಬಾಯಿಂದಲೇ ಕೇಳಿಸಿದ ಚಿತ್ರತಂಡವೊಂದಿತ್ತು. 1980ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅದರ ಹೆಸರು 'ಯುಗಾಂತರ್'. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಜೊತೆಗೆ ಕ್ಯಾಮೆರಾ ಹಿಡಿದ ನವ್ರೋಜ್ ಕಾಂಟ್ರಾಕ್ಟರ್. ಇವರು ಮಾಡಿದ್ದು ನಾಲ್ಕೇ ಕಿರುಚಿತ್ರ.

ಮೊದಲನೆಯದು 1981ರ 'ಮೋಲ್ಕರೀಣ್'. ಪುಣೆಯ ಮನೆಕೆಲಸದವರ ಕಥೆ. ತನ್ನ ಮನೆಯಲ್ಲಿ ಪಾತ್ರೆ ತಿಕ್ಕಿದರೆ ಕಾಸಿಲ್ಲ, ಅದೇ ಕೈ ಇನ್ನೊಬ್ಬರ ಮನೆಯಲ್ಲಿ ತಿಕ್ಕಿದರೂ ಚಿಲ್ಲರೆ ಕಾಸು. 'ಹೆಂಗಸರ ಕೆಲಸ ತಾನೇ' ಎನ್ನುವ ಮಾತು ಸಂಬಳದಲ್ಲೂ ಕೈಯಾಡಿಸುತ್ತದೆ.

ನನಗೆ ಜಾಸ್ತಿ ಹತ್ತಿರವಾದದ್ದು 1982ರ 'ತಂಬಾಕು ಚಾಕಿಲಾ ಊಬ್ ಆಲಿ'. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು. ಗಡಿ ಊರು, ಚಿತ್ರದ ಮಾತು ಮರಾಠಿ. ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಸುಮಾರು 3,000 ಹೆಂಗಸರು ಸಂಘ ಕಟ್ಟಿಕೊಂಡಿದ್ದರು. ತಂಡದವರು ಬಂದ ದಿನವೇ ಶೂಟಿಂಗ್ ಮಾಡಿಕೊಂಡು ಹೊರಡಲಿಲ್ಲ. ನಾಲ್ಕು ತಿಂಗಳು ಅವರ ಜೊತೆ ಕಳೆದರು. ಏನು ತೋರಿಸಬೇಕು ಅಂತ ಆ ಹೆಂಗಸರನ್ನೇ ಕೇಳಿದರು. ಆಮೇಲೆ ಕ್ಯಾಮೆರಾ ಕಾರ್ಖಾನೆಯ ಒಳಗೂ ಹೋಯಿತು. ತಂಬಾಕಿನ ದೂಳಿನ ನಡುವೆ ಕೂತವರು ತಮ್ಮ ಕೂಲಿಯ ಲೆಕ್ಕ, ಮುಷ್ಕರದ ಲೆಕ್ಕ ತಾವೇ ಹೇಳುತ್ತಾರೆ. ಅವರ ಪರವಾಗಿ ಹೇಳುವ ಆ ಗಡಸು ದನಿ ಇಲ್ಲಿ ಬೇಕಾಗಲೇ ಇಲ್ಲ. 'ಪಾಪದ ಹೆಂಗಸರು' ಅಂತ ಮರುಗಲು ಹೋದವರಿಗೆ ಜಾಗವೂ ಸಿಗುವುದಿಲ್ಲ.

1983ರ 'ಸುದೇಶಾ' ಹಿಮಾಲಯದ ತಪ್ಪಲಿನಲ್ಲಿ ಕಾಡು ಉಳಿಸಲು ಹೋರಾಡಿದ ಚಿಪ್ಕೊ ಚಳವಳಿಗಾರ್ತಿಯೊಬ್ಬರ ಚಿತ್ರ.

ಅದೇ ವರ್ಷ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ಸೇರಿ ತೆಲುಗಿನಲ್ಲೊಂದು ಚಿತ್ರ ಮಾಡಿದರು. ಗಂಡನ ಮನೆಯಲ್ಲಿ ಏಟು ತಿನ್ನುವ ಹೆಣ್ಣಿನ ವಿಷಯ. ಇದನ್ನು ಮಾತ್ರ ಕಥೆಯಾಗಿಯೇ ತೆಗೆದರು. ನನಗನ್ನಿಸುವುದು, ಕಾರ್ಖಾನೆಯ ಬಾಗಿಲು ದಾಟಿದ ಕ್ಯಾಮೆರಾಕ್ಕೂ ಮನೆಯ ಬಾಗಿಲು ದಾಟುವುದು ಅಷ್ಟು ಸುಲಭವಿರಲಿಲ್ಲ. ಹೆಸರಂತೂ ನೋಡುವವರನ್ನೇ ಕೇಳುತ್ತದೆ: 'ಇದಿ ಕಥಾ ಮಾತ್ರಮೇನಾ?' ಅಂದರೆ, ಇದು ಬರೀ ಕಥೇನಾ?

ನಮಸ್ಕಾರ.