ಅಡಿಕೆ ತೋಟದ ವರ್ಷದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊನೆಕೊಯ್ಲು ಮುಗಿದು, ಬೇಯಿಸಿದ ಅಡಿಕೆ ಒಣಗಿ ಚೀಲ ಸೇರಿರುವ ಈ ಹೊತ್ತಿನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರಿಗೆ ತುಸು ಬಿಡುವು ಸಿಕ್ಕಿರುತ್ತದೆ. ಬ್ಯಾಂಕಿನ ವರ್ಷ ಏಪ್ರಿಲ್ 1ಕ್ಕೆ, ಪಂಚಾಂಗದ ವರ್ಷ ಯುಗಾದಿಗೆ ಆರಂಭವಾಗುತ್ತದೆ. ಅಡಿಕೆ ತೋಟದ ವರ್ಷವಾದರೋ ಅಡಿಕೆ ಒಣಗಿಸುವ ಅಟ್ಟ ಖಾಲಿಯಾದ ದಿನವೇ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಮರದಲ್ಲಿ ಈಗ ಒಡೆಯುತ್ತಿರುವ ಸಿಂಗಾರವೇ, ಅಂದರೆ ಹೂಗೊಂಚಲೇ, ಮುಂದಿನ ಕೊಯ್ಲು. ಹಿಂದಿನ ವರ್ಷವನ್ನು ತಿರುಗಿ ನೋಡಿ ಮುಂದಿನದನ್ನು ಯೋಚಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ನೋಡುವುದಕ್ಕೆ ಏನಾದರೂ ಇರಬೇಕಲ್ಲ! ನಾನು ಇಂದು ಹೇಳಲು ಬಂದಿರುವುದು ಒಂದೇ ಮಾತು: ತೋಟದಲ್ಲಿ ನಡೆದದ್ದನ್ನು ಆ ದಿನವೇ ತಾರೀಖಿನೊಂದಿಗೆ ಬರೆದಿಡಿ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ತೋಟಕ್ಕೆ ನನ್ನನ್ನು ಕರೆಸಿದ್ದರು. ಕೊಳೆರೋಗದಿಂದ ಕಾಯಿಗಳು ಬುಡದ ತುಂಬ ಉದುರಿದ್ದವು. ಮುಂಗಾರಿಗೆ ಮೊದಲೊಮ್ಮೆ, ನಲವತ್ತೈದು ದಿನಕ್ಕೆ ಮತ್ತೊಮ್ಮೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಸಿದ್ದೇನೆ, ಅದಕ್ಕೆ ಹಾಕಿದ ಮೈಲುತುತ್ತವೇ (ತಾಮ್ರದ ಸಲ್ಫೇಟ್) ಕಳಪೆ ಇರಬೇಕು ಎಂದು ಯಜಮಾನರು ವಾದಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಚೂರಿ ಅದ್ದಿ ನೋಡಿದ್ದರು, ತಾಮ್ರದ ಕೆಂಪು ಹತ್ತಿರಲಿಲ್ಲ, ಅಂದರೆ ಸುಣ್ಣ ಕಡಿಮೆಯಾಗಿರಲಿಲ್ಲ. ಅಳತೆಯಲ್ಲಿ ತಪ್ಪಿರಲಿಲ್ಲ. ನಾವು ಜಗಲಿಯಲ್ಲಿ ಹೀಗೆ ಚರ್ಚಿಸುತ್ತಿದ್ದಾಗ ಅವರ ತಾಯಿ ಒಳಗಿನಿಂದ ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ತಂದರು. ಹಾಲಿನ ಲೆಕ್ಕ, ಎಮ್ಮೆ ಕರು ಹಾಕಿದ ದಿನ, ನೆಂಟರು ಬಂದುಹೋದ ದಿನ, ಎಲ್ಲವೂ ಅದರಲ್ಲಿತ್ತು. ಜೂನ್ 2ರ ಚೌಕದಲ್ಲಿ ‘ಕೊಳೆ ಔಷಧಿ’ ಎಂದಿತ್ತು. ಮತ್ತೆ ಅದೇ ಮಾತು ಕಂಡದ್ದು ಆಗಸ್ಟ್ 9ರಂದು. ಎಣಿಸಿದೆವು: ಅರವತ್ತೆಂಟು ದಿನ. ಮಳೆ ಬಿಡಲಿಲ್ಲ, ಏನು ಮಾಡುವುದು ಎಂದು ಯಜಮಾನರು ಹೇಳುವಷ್ಟರಲ್ಲಿ ಆ ತಾಯಿ ಜುಲೈ 17ರ ಮೇಲೆ ಬೆರಳಿಟ್ಟರು. ಅಂದಿನಿಂದ ಪುನರ್ವಸು ಮಳೆಯ ಕೊನೆಯ ಮೂರು ದಿನಗಳಿಗೂ ‘ಹೊಳವು’, ಅಂದರೆ ಮಳೆಯ ಬಿಡುವು, ಎಂದು ಬರೆದಿದ್ದರು. ಜುಲೈ 17 ಸರಿಯಾಗಿ ನಲವತ್ತೈದನೆಯ ದಿನ! ಮಳೆ ಬಿಟ್ಟಿತ್ತು, ಆದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬೇರೆಯವರ ತೋಟದಲ್ಲಿದ್ದ.

ಯಜಮಾನರು ಸುಳ್ಳು ಹೇಳಿರಲಿಲ್ಲ. ಮಳೆ ಹೊಡೆದದ್ದು ಅವರಿಗೆ ನೆನಪಿತ್ತು, ಬಿಟ್ಟದ್ದು ಮರೆತಿತ್ತು. ಕ್ಯಾಲೆಂಡರ್ ಇಲ್ಲದಿದ್ದರೆ ಮರುವರ್ಷ ಅಂಗಡಿ ಬದಲಿಸಿ ಬೇರೆ ಮೈಲುತುತ್ತ ತರುತ್ತಿದ್ದರು, ಕಾಯಿ ಮತ್ತೆ ಉದುರುತ್ತಿತ್ತು. ಅದರ ಬದಲು ಅವರು ಫೆಬ್ರವರಿಯಲ್ಲೇ ಕೊನೆಗಾರನೊಡನೆ ಎರಡನೆಯ ಔಷಧಿಗೂ ಮಾತಾಡಿಕೊಂಡರು. ನೀರು ನಿಲ್ಲುವ ತಗ್ಗಿನ ಸಾಲುಗಳ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸಲು ನಿರ್ಧರಿಸಿದರು. ರೋಗಾಣು ಉಳಿಯುವ ಒಣ ಗೊನೆಗಳನ್ನು ಮರದಿಂದ ತೆಗೆಸಿದರು. ಮರುವರ್ಷ ಎರಡನೆಯ ಸಿಂಪಡಣೆ ನಲವತ್ತಮೂರನೆಯ ದಿನವೇ ಮುಗಿದಿತ್ತು. ಅದೂ ಕ್ಯಾಲೆಂಡರಿನಲ್ಲಿಯೇ ಇದೆ.

ಸಮಯ ಕಡಿಮೆ ಉಳಿದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು ಎಂಬುದು ಶಿಫಾರಸು. ನೀವು ಯಾವ ಸಾಲಿಗೆ ಎಷ್ಟು ಕೊಟ್ಟಿರಿ, ಬರೆದಿಡಿ. ಎಲೆಚುಕ್ಕೆ ರೋಗ ಮೊದಲು ಯಾವ ಮೂಲೆಯಲ್ಲಿ, ಯಾವ ತಿಂಗಳಲ್ಲಿ ಕಂಡಿತು, ಬರೆದಿಡಿ. ಬಸಿಗಾಲುವೆ ಎಂದು ಬಿಡಿಸಿದಿರಿ, ಕೂಲಿ ಎಷ್ಟಾಯಿತು, ಅದನ್ನೂ ಬರೆದಿಡಿ. ಇದಕ್ಕೆ ದೊಡ್ಡ ಪುಸ್ತಕ ಬೇಡ, ಮೊಬೈಲ್ ಕೂಡ ಬೇಡ.

ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು, ಕಳೆದ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಸಿದ ಎರಡು ತಾರೀಖುಗಳನ್ನು ಹುಡುಕಿ, ನಡುವಿನ ದಿನಗಳನ್ನು ಎಣಿಸಿ. ತಾರೀಖು ಸಿಗದಿದ್ದರೆ, ದಯವಿಟ್ಟು ನಾಳೆಯೇ ಕ್ಯಾಲೆಂಡರಿನ ಮೊಳೆಗೆ ಒಂದು ಪೆನ್ಸಿಲ್ ಕಟ್ಟಿ. ನಮಸ್ಕಾರ.